ಅಮಾವಾಸ್ಯೆಯ ಜಡೆಪ್ಪ

ಹೊಸಪೇಟೆಯಲ್ಲಿ ಅದಿರು ಲಾರಿಗಳಿಗೆ ಬಣ್ಣ ಹೊಡೆಯುವ ಜಡೆಪ್ಪನಿಗೆ ಕೆಂಧೂಳೇ ಶತ್ರು. ಹಸಿ ಬಣ್ಣಕ್ಕೆ ಧೂಳು ಕೂರಬಾರದೆಂದು ಶೆಡ್ಡಿನ ಬಾಗಿಲು, ಕಿಟಕಿ ಮುಚ್ಚಿ ದಿನವಿಡೀ ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಕುಡಿಯುತ್ತಾನೆ. "ಬಾಗ್ಲಾ ಹಾಕ್ರಲೇ, ಧೂಳು ಬರ್ತೈತಿ!" ಎಂದು ಕೆಲಸದ ಹುಡುಗರನ್ನು ಕೂಗುವುದೇ ಅವನ ಮಂತ್ರ. ಹದಿನೈದು ವರ್ಷ ಆ ವಾಸನೆ ತಲೆಗೇರಿ ಕೈಗೆ ನಡುಕ, ಮೂಗಿನ ತುದಿಗೆ ಸಿಟ್ಟು ಬಂದಿವೆ, ಕಿವಿಗೆ ಸಿಕ್ಕಿಸಿದ ಬ್ರಷ್ಷನ್ನು ಊರೆಲ್ಲ ಹುಡುಕುತ್ತಾನೆ, ಉಂಡು ಕೈ ತೊಳೆದವನೇ "ಊಟಕ್ಕ ಹಾಕ್ತಿಯೋ ಇಲ್ಲೋ?" ಎನ್ನುತ್ತಾನೆ. ಲಾರಿ ಪೂಜೆಗೆಂದು ಶೆಡ್ಡಿಗೆ ರಜೆಯಿರುವ ಅಮಾವಾಸ್ಯೆಯಂದು ಮಾತ್ರ ತಲೆ ತಿಳಿಯಾಗಿ, ಹೆಂಡತಿ ಎರ್ರಮ್ಮನನ್ನು "ಕುಂದ್ರು ಬಾ" ಎಂದು ಕರೆದು ತಾನೇ ಚಹಾ ಮಾಡಿಕೊಡುತ್ತಾನೆ. ಹಾಗಾಗಿ ಅವಳ ಮಾತುಗಳೆಲ್ಲ ಅಮಾವಾಸ್ಯೆಗೆ ಕಾದಿರುತ್ತವೆ. "ಶೆಡ್ ಬಿಟ್‌ಬಿಡ್ರಿ ಅಂತ ಈ ಸಲ ಕೇಳೇಬಿಡ್ತೀನಕ್ಕಾ" ಎಂದು ಪಕ್ಕದ ಮನೆಯ ನನಗೂ ಹೇಳಿದ್ದಳು. ಮೊನ್ನೆ ಅಮಾವಾಸ್ಯೆಗೆ ದೇವರ ದೀಪ ಹಚ್ಚಿ ಅವನ ಪಕ್ಕ ಕುಳಿತಳು. ಜಡೆಪ್ಪ ದೀಪವನ್ನೇ ನೋಡುತ್ತಾ, ಶೆಡ್ಡಿನಲ್ಲೇ ಇದ್ದವನಂತೆ ಕೂಗಿದ: "ಬಾಗ್ಲಾ ಹಾಕ್ರಲೇ, ಧೂಳು ಬರ್ತೈತಿ!" ಎರ್ರಮ್ಮ ಶೆಡ್ ಬಿಡುವ ಮಾತೆತ್ತದೆ, ಎದ್ದು ಮನೆ ಬಾಗಿಲು ಹಾಕಿದಳು.