ಬೆನ್ನಿಗೆ ಮಣ್ಣು ಹತ್ತಿದ ಚಾಂಪಿಯನ್

ಪಂದ್ಯ ಮುಗಿದು ಐದು ನಿಮಿಷ ಆಗಿರಲಿಲ್ಲ, ನಾನು ಗಾದಿ ಅಂಗಡಿಯ ಹತ್ತಿ ಚೀಲದ ಮೇಲೆ ನಿಂತು ಕುಣಿಯುತ್ತಿದ್ದೆ. ಐವತ್ತು ದಾಟಿದ ದರ್ಜಿ, ಕೊರಳಲ್ಲಿ ಅಳತೆಯ ಟೇಪು, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಎಲ್ಲಿಗೆ ಹಾರಿತ್ತೋ ನೋಡುವ ಪುರುಸೊತ್ತು ಯಾರಿಗಿತ್ತು? ಗೋಡೆಯ ಟಿವಿಯಲ್ಲಿ ರೆಫರಿ ನನ್ನ ಚಾಂಪಿಯನ್ನನ ಕೈ ಹಿಡಿದು ಮೇಲೆತ್ತಿದ್ದ. ಬಾಕ್ಸಿಂಗಿನ ಹೆವಿವೇಟ್ ಪಟ್ಟ ಅವನಲ್ಲೇ ಉಳಿದಿತ್ತು. ಅದರ ಜೊತೆಗೆ ನನ್ನ ಮೀಸೆಯೂ ಉಳಿಯಿತು ಎಂದುಕೊಂಡೆ.

ಮೀಸೆಯ ವಿಷಯ ಮೊದಲು ಹೇಳಿಬಿಡಬೇಕು. ಗಜೇಂದ್ರಗಡದ ಪೇಟೆಯಲ್ಲಿ ನನ್ನದು ಹೊಲಿಗೆ ಅಂಗಡಿ, ಎದುರಿಗೇ ಗೆಳೆಯನ ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ ತುಂಬುವುದು ಅವನ ಅಜ್ಜನ ಕಾಲದಿಂದ ಬಂದ ಕೆಲಸ. ಊರೆಲ್ಲ ಕ್ರಿಕೆಟ್ಟು, ಕುಸ್ತಿ ಎಂದು ಮಾತಾಡಿಕೊಂಡಿದ್ದರೆ ಬಾಕ್ಸಿಂಗಿನ ಹುಚ್ಚು ಹತ್ತಿದ್ದು ನಮ್ಮಿಬ್ಬರಿಗೆ ಮಾತ್ರ. ಇಪ್ಪತ್ತು ವರ್ಷದಿಂದ ಅವನು ಒಬ್ಬ ಬಾಕ್ಸರನ ಕಡೆ ನಿಂತರೆ ನಾನು ಇನ್ನೊಬ್ಬನ ಕಡೆ. ಈ ಪಂದ್ಯ ಗೊತ್ತಾದ ದಿನ ಮಾತಿಗೆ ಮಾತು ಬೆಳೆದು ಪಂಥ ಕಟ್ಟಿದೆವು. ಅವನ ಕಡೆಯವ ಸೋತರೆ ನನ್ನ ಮಗಳ ಮದುವೆಗೆ ಎರಡು ಗಾದಿ ಪುಕ್ಕಟೆ. ನನ್ನವ ಸೋತರೆ, ಹತ್ತೊಂಬತ್ತನೇ ವಯಸ್ಸಿನಿಂದ ಎಣ್ಣೆ ಹಚ್ಚಿ ತಿರುವಿ ಬೆಳೆಸಿದ ನನ್ನ ಮೀಸೆ ಹೋಗಬೇಕು.

ಆ ಮಾತು ಆಡಿದಾಗ ಮಗಳ ನಿಶ್ಚಿತಾರ್ಥದ ದಿನ ಗೊತ್ತಾಗಿರಲಿಲ್ಲ. ಆಮೇಲೆ ಅದು ಪಂದ್ಯದ ಭಾನುವಾರ ಕಳೆದು ಬರುವ ಗುರುವಾರಕ್ಕೇ ಬಂದು ಕೂತಿತು. ಬೀಗರು ನರೇಗಲ್ಲಿನವರು, ಶಾಸ್ತ್ರದ ವಿಷಯದಲ್ಲಿ ಭಾರಿ ಬಿಗಿ. ನಮ್ಮ ಮನೆತನಗಳಲ್ಲಿ ಗಂಡಸು ಮೀಸೆ ತೆಗೆಸುವುದು ತಂದೆಯೋ ತಾಯಿಯೋ ತೀರಿಕೊಂಡಾಗ ಮಾತ್ರ. ಪಂಥದ ಸುದ್ದಿ ಮನೆಗೆ ಮುಟ್ಟಿದ ದಿನ ಹೆಂಡತಿ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

“ಅತ್ತಿಯಾರು ಇನ್ನೂ ಗಟ್ಟಿಮುಟ್ಟ ಅದಾರ. ಬೀಗರು ಯಾರು ಹೋದ್ರು ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಸೂತಕದ ಮನಿ ಅಂತ ಎದ್ದು ಹೋದ್ರ ಹುಡುಗಿ ಗತಿ ಏನ್ರಿ?”

ಪಡಸಾಲೆಯಲ್ಲಿ ಕೂತಿದ್ದ ಅವ್ವ, “ನಾ ಜೀವಂತ ಇದ್ದಾಗನ ಬೋಳಿಸ್ಕೊಂಡ ಬಂದ್ರ ಹೊಸ್ತಿಲ ದಾಟಬ್ಯಾಡ,” ಎಂದಳು. ಮಗಳು ನನ್ನ ಮೀಸೆಯನ್ನೇ ನೋಡಿದಳು. ಅವಳ ನೋಟವೇ ನನ್ನನ್ನು ಹೆಚ್ಚು ಹೆದರಿಸಿತು.

ಆದರೆ ಪಂಥ ಬಿಡುವಂತಿರಲಿಲ್ಲ, ಯಾಕೆಂದರೆ ಪಂಚರನ್ನು ಒಪ್ಪಿಸಿ ಆಗಿತ್ತು. ನಮ್ಮ ಕಡೆ ಪಂಥ ಎಂದ ಮೇಲೆ ಇಬ್ಬರೂ ಒಪ್ಪುವ ಪಂಚರೊಬ್ಬರು ಬೇಕು, ಅವರ ಮಾತೇ ಕೊನೆ. ನಾವು ಹಿಡಿದದ್ದು ನಮ್ಮೂರ ಗರಡಿಯ ವಸ್ತಾದರನ್ನು. ಎಪ್ಪತ್ತೈದು ದಾಟಿದವರು. ಐವತ್ತು ವರ್ಷದಿಂದ ಹುಡುಗರಿಗೆ ಕುಸ್ತಿ ಕಲಿಸಿದವರು. ರೋಣ, ನರಗುಂದದ ಕಡೆ ಯಾವ ಊರಲ್ಲಿ ಕುಸ್ತಿ ಇಟ್ಟರೂ ಪಂಚರಾಗಿ ಇವರನ್ನೇ ಕರೆಯುತ್ತಿದ್ದರು, ಇವರ ತೀರ್ಪಿಗೆ ಎದುರಾಡಿದವರಿಲ್ಲ. ಒಂದೇ ಕೊರತೆ, ಅವರು ಜನ್ಮದಲ್ಲಿ ಬಾಕ್ಸಿಂಗ್ ನೋಡಿದವರಲ್ಲ. ಅದರ ನಿಯಮ ಅವರಿಗೆ ಹೇಳಿಕೊಡಬೇಕು ಎಂಬುದು ನಮ್ಮಿಬ್ಬರು ಶಾಣ್ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೂವರೂ ಗಾದಿ ಅಂಗಡಿ ಸೇರಿದೆವು. ವಸ್ತಾದರಿಗೆ ಹೊಸ ಗಾದಿಯ ಮೇಲೆ ಆಸನ. ಕೈಯಲ್ಲಿ ಚಹಾ, ಹೆಗಲ ಮೇಲೆ ಟವೆಲ್, ಬೆನ್ನು ಸೆಟೆದು ನೆಟ್ಟಗೆ.

ಎಂಥ ಪಂದ್ಯ ಅದು! ಈಗ ನೆನೆದರೂ ಮುಷ್ಟಿ ತಾನಾಗಿ ಬಿಗಿಯುತ್ತದೆ. ನನ್ನವ ಉದ್ದಾನುದ್ದ ಆಳು, ನಮ್ಮ ಅಂಗಡಿಗೆ ಬಂದರೆ ಬಗ್ಗಿಯೇ ಒಳಗೆ ಬರಬೇಕು. ಅವನ ಎಡಗೈಯ ಜ್ಯಾಬ್, ಅಂದರೆ ನೇರ ಚುಚ್ಚು ಗುದ್ದು, ನನ್ನ ಹೊಲಿಗೆ ಮಷೀನಿನ ಸೂಜಿಯ ಹಾಗೆ. ಹೋಗಿದ್ದು ಕಾಣುವುದರೊಳಗೆ ವಾಪಸು ಬಂದಿರುತ್ತಿತ್ತು. ಗೆಳೆಯನವ ಗಿಡ್ಡ, ಕುತ್ತಿಗೆಯೇ ಇಲ್ಲ, ಹೆಗಲಿನ ಮೇಲೆ ನೇರವಾಗಿ ತಲೆ ಇಟ್ಟಂತೆ. ಅವನು ಹೊಡೆತ ತಿನ್ನುತ್ತಲೇ ಒಳಗೆ ನುಗ್ಗುವವ, ಒಳಗೆ ಬಂದರೆ ಪಕ್ಕೆಲುಬಿಗೆ ಗುದ್ದುವವ. ಮೊದಲ ನಾಲ್ಕು ಸುತ್ತು ನನ್ನವ ಅವನನ್ನು ಹತ್ತಿರಕ್ಕೇ ಬಿಡಲಿಲ್ಲ. ಐದರಿಂದ ಎಂಟರವರೆಗೆ ಗಿಡ್ಡ ಹತ್ತಿರ ಬಂದ, ಹೊಟ್ಟೆಗೆ ಕೊಟ್ಟ, ಉದ್ದನೆಯವನ ಕೈ ಕೆಳಗಿಳಿಯತೊಡಗಿತು. ಒಂಬತ್ತನೇ ಸುತ್ತಿನಲ್ಲಿ ಗಿಡ್ಡ ಎಡಗಡೆಯಿಂದ ತಿರುಗಿಸಿ ಒಂದು ಹುಕ್ ಬಿಟ್ಟ. ನನ್ನ ಚಾಂಪಿಯನ್ ಕಡಿದ ಮರ ಉರುಳಿದಂತೆ ಬೆನ್ನ ಮೇಲೆ ಬಿದ್ದ.

ನನ್ನ ಕೈ ತಾನಾಗಿ ಮೀಸೆಗೆ ಹೋಯಿತು.

ರೆಫರಿ ಎಣಿಸಿದ. ನಾನೂ ಎಣಿಸಿದೆ. ನಾಲ್ಕಕ್ಕೆ ಮಗ್ಗುಲಾದ, ಆರಕ್ಕೆ ಮೊಣಕಾಲೂರಿದ, ಎಂಟಕ್ಕೆ ಎದ್ದು ನಿಂತು ಎರಡೂ ಮುಷ್ಟಿ ಎತ್ತಿ ತೋರಿಸಿದ. ಎದ್ದವನು ಬರೀ ಎದ್ದನೇ? ಉಳಿದ ಮೂರು ಸುತ್ತು ಮತ್ತೆ ಮೊದಲಿನ ಹಾಗೆ ಜ್ಯಾಬ್ ಹೊಲಿದ! ಮೂವರು ತೀರ್ಪುಗಾರರಲ್ಲಿ ಇಬ್ಬರು ನನ್ನವನಿಗೆ ಕೊಟ್ಟರು, ಒಬ್ಬ ಗಿಡ್ಡನಿಗೆ. ಆಗಲೇ ನಾನು ಚೀಲ ಹತ್ತಿದ್ದು.

ಗೆಳೆಯ ಸುಮ್ಮನೆ ಒಪ್ಪುವ ಕುಳವಲ್ಲ. ಸುತ್ತಿಟ್ಟ ಗಾದಿಯೊಂದನ್ನು ನೆಟ್ಟಗೆ ನಿಲ್ಲಿಸಿ ಅದಕ್ಕೆ ದಬದಬ ಗುದ್ದಿ ತೋರಿಸಿದ.

“ನೋಡಲೇ ದೋಸ್ತ, ಇದು ಹೊಡ್ತ ಅಂದ್ರ! ನಿನ್ನಂವ ದೂರ ನಿಂತು ತಟ್ಟತಾನ, ನೊಣ ಹೊಡದಂಗ. ನನ್ನಂವ ಹೊಡದ್ರ ಮನಷ್ಯಾ ಬೀಳ್ತಾನ. ಇವತ್ತಿನ ತನಕ ಒಂದರ ಸೋತಿದ್ನೇನ?”

“ಸೋತಿಲ್ಲ ಖರೇ, ಆಡಿದ್ದು ಯಾರ ಜೋಡಿ? ಅರ್ಧಾ ಮಂದಿ ವಯಸ್ಸಾದವ್ರು, ಅರ್ಧಾ ಮಂದಿ ನಿನ್ನಂಗ ಹೊಟ್ಟಿ ಬಂದಾವ್ರು! ನನ್ನಂವ ಒಮ್ಮೆ ಸೋತಾನ, ತನ್ನ ಸೋಲಿಸಿದಾವನ್ನ ಮತ್ತ ಕರದು ಸೋಲಿಸ್ಯಾನ. ದಾಖಲೆ ಅಂದ್ರ ಅದು. ಬರೇ ಲೆಕ್ಕ ನೋಡಬ್ಯಾಡ, ಎದುರಿಗಿ ಯಾರಿದ್ರು ನೋಡು.”

“ಕಾಲ ನೋಡಿದೇನ? ಹತ್ತನೇ ಸುತ್ತಿನ್ಯಾಗ ನಡಗಾಕತ್ತಿದ್ವು.”

“ನಡಗೋ ಕಾಲಿನ ಮ್ಯಾಲ ಗೆದ್ದಾನಲ್ಲ, ಅದಕ್ಕೇನಂತಿ?”

ನಾನು ಎಡಗಾಲು ಮುಂದಿಟ್ಟು ಹಿಂದೆ ಸರಿಯುವ ವರಸೆ ತೋರಿಸಲು ಹೋಗಿ ಟೇಪು ತುಳಿದು ಮುಗ್ಗರಿಸಿದೆ. ಗೆಳೆಯ ಬಿದ್ದು ಬಿದ್ದು ನಕ್ಕ. ಬಾಗಿಲಲ್ಲಿ ಮಂದಿ ಸೇರಿತು. ಯಾರ ದವಡೆ ಗಟ್ಟಿ, ಯಾರ ದಮ್ಮು ಹೆಚ್ಚು, ಒಳಗೆ ನುಗ್ಗುವವ ದೊಡ್ಡವನೋ ದೂರ ಇಡುವವ ದೊಡ್ಡವನೋ ಎಂದು ಬಾಕ್ಸಿಂಗ್ ಗೊತ್ತಿಲ್ಲದವರೂ ಕೂಗಾಡಿದರು. ಅಂಥ ಖುಷಿ ನಾನು ವರ್ಷಗಳಿಂದ ಪಟ್ಟಿರಲಿಲ್ಲ. ಕೊನೆಗೆ ಗೆಳೆಯ ಕೈ ಎತ್ತಿ, “ಸಾಕು, ಪಂಚರ ಹೇಳ್ಲಿ,” ಎಂದ.

ವಸ್ತಾದರು ಚಹಾದ ಕಪ್ಪು ಕೆಳಗಿಟ್ಟರು.

“ಉದ್ದನಂವ ಸೋತಾನ,” ಎಂದರು.

ಯಾರಿಗೂ ಅರ್ಥವಾಗಲಿಲ್ಲ. “ವಸ್ತಾದ್ರ, ಪಟ್ಟಾ ಅವಂಗ ಕೊಟ್ಟಾರಲ್ರಿ!” ಎಂದೆ.

“ಕೊಟ್ಟಿರಬಹುದು. ಎರಡೂ ಹೆಗಲ ನೆಲಕ್ಕ ಹತ್ತಿದ್ವು, ನಾ ಕಣ್ಣಾರೆ ಕಂಡೇನಿ. ಚಿತ್ ಆದಂವ ಸೋತಂಗ. ಆಮ್ಯಾಲ ಎದ್ದು ಏನ್ ಕುಣದ್ರೂ ಅದು ಕುಸ್ತಿ ಅಲ್ಲ.”

ಆಗ ತಲೆಗೆ ಹೋಯಿತು ನಮ್ಮ ದಡ್ಡತನ. ಐವತ್ತು ವರ್ಷ ಕುಸ್ತಿ ತೂಗಿದ ಕಣ್ಣು, ಅದಕ್ಕೆ ಗೊತ್ತಿದ್ದ ತಕ್ಕಡಿ ಒಂದೇ: ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ. ಪಂಚರ ಮಾತು ಕೊನೆ ಎಂದು ಒಪ್ಪಿದವ ನಾನೇ. ಗುರುವಾರದ ನಿಶ್ಚಿತಾರ್ಥದಲ್ಲಿ ಬೋಳು ಮುಖ ಹೊತ್ತು ನಿಂತ ನಾನು, ಎದ್ದು ಹೊರಟ ಬೀಗರು, ಲಟ್ಟಣಿಗೆ ಹಿಡಿದ ಹೆಂಡತಿ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದರು. ನನಗೆ ಸಿಟ್ಟು ಬಂದರೆ ನಾಲಿಗೆ ನನ್ನದಲ್ಲ.

“ಬಿದ್ದು ಎದ್ದಂವನ ಕಿಮ್ಮತ್ತ ನಿಮಗೇನ್ ಗೊತ್ತ್ರಿ? ನೀವು ಜನ್ಮದಾಗ ಒಮ್ಮಿಯರ ಬಿದ್ದಿದ್ರ ಗೊತ್ತಾಗತಿತ್ತು!”

ಆಡಿದ ಮಾತು ನನ್ನ ಕಿವಿಗೇ ಕೆಟ್ಟದಾಗಿ ಕೇಳಿತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ವಸ್ತಾದರು ಸಿಟ್ಟಾಗಲಿಲ್ಲ. ಬಾಗಿಲ ಮಂದಿಯನ್ನು ಕೈಸನ್ನೆಯಿಂದ ಕಳಿಸಿದರು.

“ಬಿದ್ದೇನಿ, ತಮ್ಮಾ,” ಎಂದರು. “ಇಪ್ಪತ್ಮೂರು ವಯಸ್ಸು ನನಗ. ಸವಡಿಯೊಳಗ ಕುಸ್ತಿ. ನರಗುಂದದ ಪೈಲ್ವಾನ ಒಬ್ಬಂವ ಒಂದ ಪಟ್ಟಿಗೆ ನನ್ನ ಚಿತ್ ಮಾಡಿದ. ಆ ಕ್ಷಣಕ್ಕ ಎದ್ದು ನಿಂತೆ, ಮೈಯಾಗ ಇನ್ನೂ ಹತ್ತ ಕುಸ್ತಿ ಆಡೋ ಶಕ್ತಿ ಇತ್ತು. ಆದ್ರ ಹಲಗಿ ಅವನ ಹೆಸರಿಗಿ ಬಾರಿಸಾಕತ್ತಿದ್ರು. ಬೆನ್ನ ಮ್ಯಾಲ ಟವೆಲ್ ಹೊದ್ದು ಹೊರಗ ಬಂದೆ. ಬಸ್ ಹತ್ತಲಿಲ್ಲ, ಹಿಂದ ಕುಂತಾವ್ರು ಬೆನ್ನ ನೋಡತಾರಂತ. ನರೇಗಲ್ ತನಕ ನಡಕೋತ ಬಂದೆ. ಅವತ್ತಿನಿಂದ ಕಣಕ್ಕ ಇಳಿದಿಲ್ಲ. ಬರೇ ಕಲಿಸೇನಿ.”

ಇದು ನಮಗೆ ಗೊತ್ತೇ ಇರಲಿಲ್ಲ. ಹೆಗಲ ಮೇಲಿನ ಆ ಟವೆಲ್ ಇಲ್ಲದೆ ಅವರನ್ನು ಪೇಟೆಯಲ್ಲಿ ನೋಡಿದ ನೆನಪೂ ನನಗಿರಲಿಲ್ಲ.

ಅವರು ಗೆಳೆಯನ ಕಡೆ ತಿರುಗಿದರು. “ಆ ಎಣಸೋದು ಇನ್ನೊಮ್ಮಿ ಹಚ್ಚು.”

ಗೆಳೆಯ ಒಂಬತ್ತನೇ ಸುತ್ತು ಮತ್ತೆ ಹಚ್ಚಿದ. ವಸ್ತಾದರು ಟಿವಿಯ ಹತ್ತಿರ ಹೋಗಿ ನಿಂತು ನೋಡಿದರು. ಇನ್ನೊಮ್ಮೆ ಎಂದರು. ಮತ್ತೂ ಒಮ್ಮೆ ಎಂದರು.

“ಹತ್ತರ ತನಕ ಯಾಕ ಎಣಸ್ತಾರ?”

“ಎದ್ದೇಳಾಕ ಟೈಮ್ ಕೊಡ್ತಾರ್ರಿ,” ಎಂದೆ ಮೆಲ್ಲಗೆ.

“ಎದ್ರ?”

“ಎದ್ರ ಮತ್ತ ಆಡಬಹುದ್ರಿ. ಬಿದ್ದದ್ದಕ್ಕ ಪಾಯಿಂಟ್ ಹೋಗ್ತದ, ಆಟ ಹೋಗಾಂಗಿಲ್ಲ.”

“ಖರೇ?” ಎಂದರು. ಅದೊಂದೇ ಮಾತು. ಬಾಗಿಲಿಗೆ ಹೋಗಿ ತಿರುಗಿ, “ತೀರ್ಪ ಸಂಜಿಕ. ಇಬ್ಬರೂ ಗರಡಿಗಿ ಬರ್ರಿ,” ಎಂದು ಹೊರಟರು.

ಆ ಮಧ್ಯಾಹ್ನ ಒಂದು ಅಂಗಿಗೆ ಎರಡೂ ಎಡಗೈ ತೋಳು ಹೊಲಿದಿಟ್ಟೆ. ಊಟಕ್ಕೆ ಹೋದರೆ ಹೆಂಡತಿ, “ಗೆದ್ರೋ ಸೋತ್ರೋ?” ಎಂದಳು. ಗೊತ್ತಿಲ್ಲ ಎಂದೆ. ಗೆದ್ದದ್ದೋ ಸೋತದ್ದೋ ಗೊತ್ತಾಗದ ಆಟ ಯಾವುದು ಎಂದು ಅವಳು ಕೇಳಿದ್ದು ನ್ಯಾಯವೇ ಆಗಿತ್ತು.

ಸಂಜೆ ಗರಡಿಗೆ ಹೋದಾಗ ಒಳಗೆ ಅವರೊಬ್ಬರೇ. ಕಣದ ಕೆಂಪು ಮಣ್ಣು ಹದ ಮಾಡಿಟ್ಟಿದ್ದರು, ಎಣ್ಣೆ, ಅರಿಶಿಣದ ವಾಸನೆ. ಅಂಗಿ, ಧೋತರ, ಟವೆಲ್ ಗೂಟಕ್ಕೆ ತೂಗುಹಾಕಿ ಬರೀ ಚಡ್ಡಿಯಲ್ಲಿ ನಿಂತಿದ್ದರು. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಕಣದ ನಡುವೆ ಹೋದರು. ಕೂತರು, ಮೊಳಕೈಯೂರಿದರು, ನಿಧಾನಕ್ಕೆ ಬೆನ್ನನ್ನು ಪೂರಾ ನೆಲಕ್ಕೆ ಹಚ್ಚಿದರು. ಎರಡೂ ಹೆಗಲು.

“ಎಣಸು,” ಎಂದರು ನನಗೆ.

ನಾನು “ಒಂದು...” ಎಂದು ಎಳೆದೆ. “ಎರಡು...” ಎಂದು ಅದಕ್ಕಿಂತ ಉದ್ದ ಎಳೆದೆ.

“ಏ ದರ್ಜಿ! ಟಿವ್ಯಾಗಿನಂವ ಹಿಂಗ ಎಣಸಿದ್ನೇನ? ನನಗ ದಯಾ ತೋರಸ್ತಿ? ಮೊದಲಿಂದ ಎಣಸು!”

ಮೊದಲಿಂದ ಎಣಿಸಿದೆ, ರೆಫರಿಯ ಹಾಗೇ. ಮೂರಾದರೂ ಅಲುಗಲಿಲ್ಲ. ನಾಲ್ಕಕ್ಕೆ ಮಗ್ಗುಲಾದರು. ಐದು. ಆರಕ್ಕೆ ಅಂಗೈ ಊರಿದರು. ಏಳಕ್ಕೆ ಒಂದು ಮೊಣಕಾಲು ಮೇಲೆ ಬಂತು, ತೊಡೆ ಗಡಗಡ ನಡುಗಿತು. ಗೆಳೆಯ ಹಿಡಿಯಲು ಮುಂದೆ ಹೋದ. “ಹಂತ್ಯಾಕ ಬಂದ್ರ ಕಾಲ ಮುರಿತೇನಿ!” ಎಂದು ನೆಲದಿಂದಲೇ ಗದರಿದರು. ಎಂಟು. ಮೀಸೆಯ ನೆನಪು ಎಲ್ಲಿ ಹೋಯಿತೋ, ಬೋಳಿಸಿದರೂ ಸರಿ, ಈ ಮುದುಕ ಏಳಬೇಕು ಎಂದು ಹಲ್ಲು ಕಚ್ಚಿದೆ. ಒಂಬತ್ತು ಎನ್ನುವುದಕ್ಕೂ ಅವರು ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ನಿಂತವರು ಆ ಚಾಂಪಿಯನ್ನನ ಹಾಗೆಯೇ ಎರಡೂ ಮುಷ್ಟಿ ಮುಖದ ಎದುರಿಗೆ ಎತ್ತಿ ನನಗೆ ತೋರಿಸಿದರು.

ನಾನು ಕಿರುಚಿದ್ದು ಪೇಟೆಯವರೆಗೆ ಕೇಳಿತಂತೆ. ಗೆಳೆಯ ನನ್ನನ್ನು ತಬ್ಬಿಕೊಂಡು ಎತ್ತಿ ಗಿರಗಿರ ತಿರುಗಿಸಿದ, ಸೋಲುವವನು ತಾನೇ ಎಂಬುದು ಅವನಿಗೂ ಮರೆತುಹೋಗಿತ್ತು.

ವಸ್ತಾದರು ಉಸಿರು ಹಿಡಿಯಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ, “ನಿನ್ನಂವ ಗೆದ್ದಾನ. ಮೀಸಿ ಇಟ್ಕೋ,” ಎಂದರು. ಗೆಳೆಯನಿಗೆ, “ಎರಡು ಗಾದಿ, ಚಲೋ ಹತ್ತಿ ಹಾಕು,” ಎಂದರು.

“ಹಾಕ್ತೇನ್ರಿ ವಸ್ತಾದ್ರ,” ಎಂದು ಗೆಳೆಯ ಗೂಟದಿಂದ ಟವೆಲ್ ತೆಗೆದು ಅವರ ಬೆನ್ನು ಒರೆಸಲು ಹೋದ. ಅವರು ಅವನ ಕೈ ಹಿಡಿದು ನಿಲ್ಲಿಸಿದರು.

“ಇರ್ಲಿ ಬಿಡು.”

ಧೋತರ ಉಟ್ಟರು. ಅಂಗಿಯನ್ನೂ ಟವೆಲನ್ನೂ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬರಿಮೈಯಲ್ಲಿ ಹೊರಗೆ ಹೊರಟರು. ಭಾನುವಾರದ ಸಂಜೆ, ಪೇಟೆ ತುಂಬ ಮಂದಿ. ನಾವಿಬ್ಬರೂ ಹಿಂದೆ ಹಿಂದೆ ನಡೆದೆವು. ಹೆಗಲಿನಿಂದ ಸೊಂಟದವರೆಗೆ ಬೆನ್ನೆಲ್ಲ ಕೆಂಪು ಮಣ್ಣು. ಕಾಳಿನ ಅಂಗಡಿಯ ಹತ್ತಿರ ಅವರ ಹಳೆಯ ಶಿಷ್ಯನೊಬ್ಬ ನೋಡಿ ಗಾಬರಿಯಾಗಿ ಓಡಿ ಬಂದ.

“ವಸ್ತಾದ್ರ, ಬೆನ್ನಿಗಿ ಮಣ್ಣ ಹತ್ತೇತ್ರಿ!”

“ಹೂಂ, ಹತ್ತೇತಿ,” ಎಂದರು ವಸ್ತಾದರು, ಮತ್ತು ಮನೆಯ ಕಡೆಗೆ ಪೇಟೆಯ ಉದ್ದನೆಯ ದಾರಿಯನ್ನೇ ಹಿಡಿದರು.