ಮಕ್ಬುಲಸಾಬನ ಮನೆಗೆ ಬಂದ ಪುಕ್ಕಟೆ ಡಬ್ಬಿ

ಮಕ್ಬುಲಸಾಬನಿಗೆ ಸಿಟ್ಟು ಬಂದರೆ ಭಾಗ್ಯನಗರದ ನಾಯಿಗಳು ಸಹ ಅವನ ಮಟನ್ ಅಂಗಡಿಯಿಂದ ನಾಲ್ಕು ಮಾರು ದೂರ ಕೂರುತ್ತವೆ. ಆ ಶನಿವಾರ ಬೆಳಿಗ್ಗೆ ಅವು ರಸ್ತೆಯ ಆಚೆಗೇ ಹೋಗಿ ಕೂತಿದ್ದವು. ಸಿಟ್ಟಿಗೆ ಕಾರಣ ಒಂದು ಡಬ್ಬಿ. ಹಿಟ್ನಾಳದ ಕಡೆ ಹೆದ್ದಾರಿ ಪಕ್ಕ ಹೊಸದಾಗಿ ತೆರೆದಿದ್ದ ಗಾಜಿನ ಬಾಗಿಲಿನ ಮಾಂಸದ ಅಂಗಡಿಯವರು ವ್ಯಾನಿನಲ್ಲಿ ಬಂದು, ಮನೆಗೊಂದರಂತೆ ‘ಸ್ಟೇಕ್ ಡಬ್ಬಿ’ ಹಂಚುತ್ತಿದ್ದರು. ಪುಕ್ಕಟೆ! ಕಪ್ಪು ರಟ್ಟಿನ ಡಬ್ಬಿ, ಮೇಲೆ ಬಂಗಾರದ ಬಣ್ಣದ ಅಕ್ಷರ, ಒಳಗೆ ಬರ್ಫದ ಚೀಲದ ಮೇಲೆ ಎರಡು ಬೆರಳು ದಪ್ಪದ ಕುರಿಮಾಂಸದ ಹಲಗೆಗಳು. ಒಂದೂ ಎಲುಬಿಲ್ಲ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜನ ನಾವು. ಸಾಲು ಓಣಿ ದಾಟಿತ್ತು.

“ಆ ಡಬ್ಬಿಗೆ ಕೈ ಒಡ್ಡಿದ ಮನಿಯವರು ಇನ್ನ ಮ್ಯಾಲೆ ನನ್ನ ಅಂಗಡಿ ಮೆಟ್ಟಲ ಹತ್ತೂದು ಬ್ಯಾಡ! ಅಲ್ಲಾನ ಆಣಿ!” ಎಂದು ಅವನು ಪಕ್ಕದ ಚಹಾದಂಗಡಿಯ ಕಳಕಪ್ಪನಿಗೆ ಕೇಳುವಂತೆ, ಅಂದರೆ ಅರ್ಧ ಭಾಗ್ಯನಗರಕ್ಕೆ ಕೇಳುವಂತೆ, ಸಾರಿದ.

“ಸಾಬಣ್ಣ, ಆಣಿ ಯಾಕ ಮಾಡ್ತಿ? ಮಾತು ಆಡಿದರ ಹೋತು, ಮುತ್ತು ಒಡದರ ಹೋತು,” ಎಂದ ಕಳಕಪ್ಪ. ಮಕ್ಬುಲಸಾಬ ಕೇಳಲಿಲ್ಲ. ಕೇಳುವ ಪೈಕಿಯವನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸಿಟ್ಟಿನೊಳಗೆ ಹೆದರಿಕೆ ಇತ್ತು. ಮಾಂಸ ಕಡಿಯಲು ಅಪ್ಪನ ಕಾಲದ ಹುಣಸೆ ಕೊರಡು, ಅಪ್ಪನ ಕಾಲದ ಗಿರಾಕಿಗಳು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಕಾಲಿನ ಸೂಪು ಬೇಕು. ಯಾರ ಮನೆಯ ಮುದುಕನಿಗೆ ಹಲ್ಲಿಲ್ಲ, ಮೆತ್ತನೆಯ ತುಂಡು ಬೇಕು. ಕೇಳದೆಯೇ ಕಟ್ಟಿಕೊಡುವವನು ಅವನು. ಇಷ್ಟಾದರೂ ಒಂದು ರಟ್ಟಿನ ಡಬ್ಬಿಗಾಗಿ ಜನ ತನ್ನನ್ನು ಬಿಟ್ಟುಹೋಗುತ್ತಾರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಅಪ್ಪನಿಂದ ಬಂದ ಪದ್ಧತಿಯೂ ಒಂದಿತ್ತು. ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಹೊರಗಿನವರದೇ ಆಗಬೇಕು. ಮನೆಯ ಪಾಲು ಕೊನೆಯ ಗಿರಾಕಿ ಹೋದ ಮೇಲೆ, ಏನು ಉಳಿದಿದೆಯೋ ಅದು. ಅದರಲ್ಲಿ ಹೆಚ್ಚುಕಡಿಮೆ ಏನಾದರೂ ಇದೆಯೆಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

ಮಧ್ಯಾಹ್ನ ಹುಲಿಗವ್ವ ಬಂದಳು. ಊರಿನ ಕೂದಲಿನ ಕಾರ್ಖಾನೆಯಲ್ಲಿ ಸಿಕ್ಕುಗೂದಲು ಬಿಡಿಸುವ ಕೆಲಸಕ್ಕೆ ಹೋಗುವವಳು, ಹಳೆಯ ಗಿರಾಕಿ. ಸೆರಗಿನ ಕೆಳಗಿಂದ ಕಪ್ಪು ಡಬ್ಬಿ ತೆಗೆದಳು.

“ಅಣ್ಣಾರ, ಇದನ್ನಷ್ಟು ತುಂಡ ಮಾಡಿ ಕೊಡ್ರಿ. ನಮ್ಮನ್ಯಾಗಿನ ಈಳಿಗಿಗೆ ಬಗ್ಗವಲ್ದು. ಒಂದೀಟು ಎಲುಬೂ ಹಾಕ್ರಿ. ಎಲುಬಿಲ್ಲದ ಸಾರು ಹೆಂಗ ಮಾಡ್ಲಿ?”

“ಕೊಟ್ಟಾವರ ಕಡೇನ ಕಡಿಸ್ಕೋ ಹೋಗವ್ವ. ನನ್ನ ಕೊರಡಿನ ಮ್ಯಾಲೆ ಅದು ಬೀಳೂದಿಲ್ಲ!”

ಹುಲಿಗವ್ವ ಏನೋ ಹೇಳಲು ಬಾಯಿ ತೆರೆದಳು. ಚಹಾ ಕುಡಿಯುತ್ತ ಕೂತಿದ್ದ ಮಂದಿಯನ್ನು ನೋಡಿ ಸುಮ್ಮನಾದಳು. ಡಬ್ಬಿ ಹಿಡಿದುಕೊಂಡು ಹೊರಟುಹೋದಳು.

ಊಟಕ್ಕೆ ಮನೆಗೆ ಹೋದ ಮಕ್ಬುಲಸಾಬ ತಣ್ಣೀರಿಗೆಂದು ಫ್ರಿಜ್ ತೆರೆದ. ಕೊತ್ತಂಬರಿಯ ಹಿಂದೆ ಬಂಗಾರದ ಅಕ್ಷರ ಹೊಳೆಯಿತು. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ!

“ಅಬೇದಾ! ಇದನ್ನ ಯಾರು ತಂದ್ರು?”

ಹೆಂಡತಿ ಅಬೇದಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಾನ. ಹುಲಿಗವ್ವನ ಹಿಂದ ನಿಂತು ತಂದೀನಿ. ಹಲಾಲ್ ಮುದ್ರಿ ಐತಿ, ನೋಡೇ ತಗೊಂಡೀನಿ.”

“ಮಟನ್ ಅಂಗಡಿಯವನ ಹೆಂಡ್ತಿ ಪುಕ್ಕಟೆ ಮಾಂಸಕ್ಕ ಸಾಲಿನ್ಯಾಗ ನಿಂತ್ರ ನನ್ನ ಮರ್ಯಾದಿ ಏನಾತು?”

ಈಗ ರೊಟ್ಟಿಯ ಸದ್ದು ನಿಂತಿತು. “ಲಗ್ನ ಆಗಿ ಬಂದಾಗಿಂದ ಈ ಮನ್ಯಾಗ ಕುತ್ತಿಗಿ, ಚರಬಿ, ಚೂರುಪಾರು ಬಿಟ್ಟು ಏನು ಕುದಿಸೀನ್ರಿ? ಊರಿಗೆಲ್ಲ ತೊಡಿ, ನಮಗ ಉಳಿದದ್ದು. ಬಕ್ರೀದಿನಾಗ ಸುದ್ದಾ ಛಲೋ ತುಂಡು ಹಂಚಾಕ ಹೋಗ್ತಾವ. ಕೈತುಂಬ ಹಿಡಿಯುವಂಥಾ ಒಂದು ತುಂಡು ಹೆಂಗಿರ್ತೈತಿ ನೋಡೂಣು ಅನಿಸ್ತು. ತಪ್ಪಾತೇನು?”

ಅವಳ ದನಿಯಲ್ಲಿ ಜಗಳವಿರಲಿಲ್ಲ. ಜಗಳವಾಡಿದ್ದರೆ ಅವನೂ ಎರಡು ಮಾತು ಆಡುತ್ತಿದ್ದ. ಮಕ್ಬುಲಸಾಬ ಫ್ರಿಜ್ಜಿನ ಬಾಗಿಲು ಹಿಡಿದೇ ನಿಂತ. ಊರಿನ ಮುದುಕರ ಹಲ್ಲು ಗೊತ್ತಿದ್ದವನಿಗೆ ಹೆಂಡತಿಯ ಬಾಯಿರುಚಿ ಗೊತ್ತಿರಲಿಲ್ಲ. ಹುಲಿಗವ್ವ ಯಾಕೆ ಬಾಯಿ ಮುಚ್ಚಿಕೊಂಡಳೆಂಬುದೂ ಈಗ ತಿಳಿಯಿತು. ‘ನಿಮ್ಮ ಮನಿಯಾಕೀನೂ ನಿಂತಿದ್ಲು’ ಎಂದು ಅಷ್ಟು ಜನರೆದುರು ಅವಳು ಅಂದಿದ್ದರೆ ಅವನ ಮಾನ ಅಲ್ಲೇ ಹೋಗುತ್ತಿತ್ತು. ಅವಳು ಅನ್ನಲಿಲ್ಲ. ನಾಚಿಕೆಯಿಂದ ಅವನ ಕಣ್ಣು ತುಂಬಿ ಬಂತು.

ಉಂಡನೋ ಬಿಟ್ಟನೋ, ಕತ್ತಿಯನ್ನೂ ಎಲುಬಿನ ಪೊಟ್ಟಣವನ್ನೂ ಹಿಡಿದು ಹುಲಿಗವ್ವನ ಮನೆಗೆ ಹೋದ. ಅವಳ ಕಟ್ಟೆಯ ಮೇಲೆ ಕೂತು ಆ ಹಲಗೆಗಳನ್ನು ಸಾರಿಗೆ ಬೇಕಾದಂತೆ ತುಂಡು ಮಾಡಿದ.

“ಆಣಿ ಏನಾತು ಅಣ್ಣಾರ?” ಎಂದು ಅವಳು ನಕ್ಕಳು.

“ನನ್ನ ಮನ್ಯಾಗ ಮುರದು ಬಿತ್ತವ್ವ!” ಓಣಿಗೆಲ್ಲ ಕೇಳಿಸಿತು, ಕೇಳಿಸಲಿ ಎಂದೇ ಹಾಗೆ ಕೂಗಿದ್ದ.

ಮನೆಯ ಡಬ್ಬಿಯನ್ನು ಸಂಜೆ ಅಬೇದಾಬಿ ಹುರಿದಳು. ಗಂಡ ಹೆಂಡತಿ ಕೂತು ತಿಂದರು. ಛಲೋ ಇತ್ತು, ಸುಳ್ಳು ಯಾಕೆ ಹೇಳಬೇಕು. ತಿಂದು ಕೈ ತೊಳೆಯುತ್ತ ಅವನು ಹೇಳಿದ, “ನಾಳಿ ಮುಂಜಾನೆ ಅಂಗಡಿಗೆ ಬಾ. ಬೋಣಿ ನಿಂದು.”

ಅಬೇದಾಬಿ ಹೌಹಾರಿದಳು. “ಬೋಣಿ ಮನಿಯವರದಾ? ನಿಮ್ಮಪ್ಪ ಗೋರಿಯಾಗಿಂದ ಎದ್ದು ಬಂದಾರು!”

“ಬರಲಿ. ಅವರಿಗೂ ಒಂದು ತುಂಡು ಕೊಡ್ತೀನಿ.”

ರವಿವಾರ ಬೆಳಿಗ್ಗೆ ಚೀಲ ಹಿಡಿದು ಅಬೇದಾಬಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಹಿಂದೆ ಹುಲಿಗವ್ವ, ಅವಳ ಹಿಂದೆ ಡಬ್ಬಿ ತಿಂದು ಮುಗಿಸಿದ್ದ ಇನ್ನಷ್ಟು ಮಂದಿ. ಮಕ್ಬುಲಸಾಬ ಉಳಿದ ಗಿರಾಕಿಗಳನ್ನು ಕೇಳುವ ಹಾಗೆಯೇ ಅವಳನ್ನೂ ಕೇಳಿದ, “ಯಾವ ತುಂಡು ಬೇಕ್ರಿ?”

ಈ ಪ್ರಶ್ನೆಯನ್ನು ಅಬೇದಾಬಿಗೆ ಯಾರೂ ಕೇಳಿರಲಿಲ್ಲ. ರೂಢಿಯ ಮಾತೇ ಬಾಯಿಗೆ ಬಂತು. “ಉಳಿದದ್ದು ಕೊಡ್ರಿ.”

“ಇನ್ನೂ ಏನೂ ಉಳದಿಲ್ಲ, ಹುಚ್ಚಿ. ಇಡೀ ಕುರಿ ಹಂಗ ಐತಿ. ಕೈ ಮಾಡಿ ತೋರಸು.”

ಅಬೇದಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ತೊಡೆಯ ಕಡೆ ಬೆರಳು ಮಾಡಿದಳು.