ಮಲ್ಲಪ್ಪನ ಪತ್ರಗಳ ನಕಲು

ನನ್ನ ಕಂಪ್ಯೂಟರಿಗೂ ನನಗೂ ಒಂದೇ ವ್ಯಾಧಿ: ಏಳುವುದು ತಡ, ಎದ್ದ ಮೇಲೂ ಅರ್ಧ ತಾಸು ಮಂಕು. ಗೋಕಾಕದ ನಮ್ಮ ಮನೆಯಲ್ಲಿ ಈ-ಮೇಲ್ ಪೆಟ್ಟಿಗೆ ತೆರೆದುಕೊಳ್ಳುವಷ್ಟರಲ್ಲಿ ನಾನು ಚಹಾ ಕುಡಿದು, ಪತ್ರಿಕೆಯ ನಿಧನವಾರ್ತೆಗಳನ್ನೂ ಓದಿ ಮುಗಿಸುತ್ತಿದ್ದೆ. ನಿವೃತ್ತ ಮಾಸ್ತರನಿಗೆ ಅವಸರವೇನು ಎನ್ನಬೇಡಿ. ಅವಸರವಿಲ್ಲದವನಿಗೇ ಸಹನೆ ಕಡಿಮೆ. ಕಡೆಗೊಂದು ಮುಂಜಾನೆ, ಕೂಡಿಬಿದ್ದ ಕ್ಯಾಶ್ ಕಡತಗಳನ್ನು, ಎಂದರೆ ಹಳೆಯ ಪತ್ರಗಳ ನಕಲುಗಳನ್ನು, ಅಳಿಸಲೇ ಎಂದು ಅದೇ ಕೇಳಿತು. ಮೂಲ ಪ್ರತಿಗಳು ಸರ್ವರಿನಲ್ಲಿ ಇದ್ದೇ ಇರುತ್ತವಲ್ಲ ಎಂಬ ಪಾಂಡಿತ್ಯದಿಂದ ‘ಹೂಂ’ ಒತ್ತಿದೆ.

ಇರಲಿಲ್ಲ. ಸರ್ವರಿನ ಜಾಗ ತುಂಬಿದಾಗಲೆಲ್ಲ ಅಲ್ಲಿಯವನ್ನು ಅಳಿಸುತ್ತ ಬಂದವನು ನಾನೇ. ಮನೆಯ ಕಂಪ್ಯೂಟರಿನಲ್ಲಿ ನಕಲುಗಳಿವೆಯಲ್ಲ ಎಂದು ಆಗಿನ ಧೈರ್ಯ. ಅಲ್ಲಿ ಅಳಿಸುವಾಗ ಇಲ್ಲಿಯದನ್ನು, ಇಲ್ಲಿ ಅಳಿಸುವಾಗ ಅಲ್ಲಿಯದನ್ನು ನಂಬಿ ಎರಡನ್ನೂ ಕಳೆದುಕೊಂಡೆ. ಹೋದವುಗಳಲ್ಲಿ ಮಲ್ಲಪ್ಪನ ಪತ್ರಗಳಿದ್ದವು.

ಮಲ್ಲಪ್ಪ ತುಕ್ಕಾನಟ್ಟಿಯ ರೈತ, ನನ್ನ ಜೊತೆ ಒಂದೇ ಸಾಲಿಯಲ್ಲಿ ಕಲಿತವನು, ಹೋದ ವರ್ಷ ತೀರಿಕೊಂಡ. ಕನ್ನಡದಲ್ಲಿ ಟೈಪು ಮಾಡಲು ಬಾರದ ಆತ ಪ್ರತಿ ರವಿವಾರ ಹಾಳೆಯ ಮೇಲೆ ಬರೆದು, ಅದರ ಫೋಟೋ ತೆಗೆದು ಈ-ಮೇಲಿನಲ್ಲಿ ಕಳಿಸುತ್ತಿದ್ದ. ಹೊಲದ ಗೊಂಜಾಳ, ಮೊಣಕಾಲುನೋವು, ಹೆಂಡತಿ ಗಂಗವ್ವ, ಹೀಗೆ ವಿಷಯಕ್ಕೆ ಬರವಿರಲಿಲ್ಲ. ಫೋಟೋದ ಅಂಚಿನಲ್ಲಿ, ಹಾಳೆ ಹಾರದಂತೆ ಒತ್ತಿ ಹಿಡಿದ ಆತನ ಹೆಬ್ಬೆರಳೂ ಬರುತ್ತಿತ್ತು. ಆ ಹೆಬ್ಬೆರಳಿಗಾಗಿ ನಾನು ಅತ್ತದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಮೂಲ ಹಾಳೆಗಳಾದರೂ ಇರಬಹುದೆಂದು ಬಸ್ಸು ಹಿಡಿದು ತುಕ್ಕಾನಟ್ಟಿಗೆ ಹೋದೆ. ನಾನು ವೈನಿ, ಅಂದರೆ ಅತ್ತಿಗೆ, ಎನ್ನುವ ಗಂಗವ್ವ ಚಹಾ ಕೊಟ್ಟು, ಫೋಟೋ ಕಳಿಸಿದ ಕೂಡಲೇ ಗಂಡ ಹಾಳೆಯನ್ನು ಒಲೆ ಹೊತ್ತಿಸಲು ತಮ್ಮ ಕೈಗೇ ಕೊಡುತ್ತಿದ್ದರೆಂದರು. ಮಾಸ್ತರ ಹತ್ತಿರ ಭದ್ರವಾಗಿವೆ ಎನ್ನುತ್ತಿದ್ದರಂತೆ. ಚಹಾದ ಕಪ್ಪನ್ನು ಕೆಳಗಿಟ್ಟೆ.

“ನನಗ ಓದಾಕ ಬರೂದಿಲ್ರಿ ಮಾಸ್ತರ್ರ. ನೀವು ಬಂದಾಗ ಒಮ್ಮಿ ಓದಿಸಿ ಕೇಳಬೇಕಂತ ಇದ್ನಿ. ನನ್ನ ಬಗ್ಗೆ ಏನರ ಬರದಿದ್ರೇನ್ರಿ?”

ಮಾಡಿದ ಅನಾಹುತವನ್ನು ಒಪ್ಪಿಕೊಂಡೆ. ವೈನಿ ನನ್ನ ಕಪ್ಪಿಗೆ ಇನ್ನಷ್ಟು ಚಹಾ ಸುರಿದರು, ಅದೇ ಹೆಚ್ಚು ಸಂಕಟ. ಆ ಹೊತ್ತಿಗೆ ನನ್ನ ತಲೆಯಲ್ಲಿ ಉಳಿದಿದ್ದದ್ದು ಮಲ್ಲಪ್ಪ ಬರೆದ ಒಂದೇ ಮಾತು. ಅದನ್ನು ಹಾಗೆಯೇ ಹೇಳಿದೆ.

“ಇಕಿ ನಗೂಮುಂದ ಬಾಯಿಗೆ ಸೆರಗ ಹಿಡೀತಾಳ. ನಲವತ್ತ ವರ್ಷಾತು, ಇಕಿ ನಗಿ ನಾ ಇನ್ನೂ ಪೂರಾ ನೋಡಿಲ್ಲ.”

ವೈನಿಗೆ ನಗು ಬಂತು; ಸೆರಗು ಬಾಯಿಯತ್ತ ಹೊರಟು ಅರ್ಧಕ್ಕೇ ನಿಂತಿತು. ಆ ನಗೆಯನ್ನು ಪೂರಾ ನೋಡಿದವನು ನಾನು. ನೋಡಬೇಕಾದವನು ನಾನಾಗಿರಲಿಲ್ಲ.

ಈಗ ನನ್ನ ಕಂಪ್ಯೂಟರು ಬಲು ಚುರುಕು; ಚಹಾ ಆರುವ ಮೊದಲೇ ಪೆಟ್ಟಿಗೆ ತೆರೆದು ಕೂತಿರುತ್ತದೆ. ರವಿವಾರ ಮಾತ್ರ ಅದನ್ನು ಮುಟ್ಟುವುದಿಲ್ಲ. ನೆನಪಾದಷ್ಟನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ತುಕ್ಕಾನಟ್ಟಿಗೆ ಹೋಗಿ ವೈನಿಗೆ ಓದಿ ಹೇಳುತ್ತೇನೆ. ಆ ಹಾಳೆಗಳನ್ನು ಅವರು ಒಲೆಗೆ ಹಾಕುವುದಿಲ್ಲ, ಟ್ರಂಕಿನಲ್ಲಿಡುತ್ತಾರೆ. ಅವುಗಳಲ್ಲಿ ಕೆಲವು ಸಾಲು ಮಲ್ಲಪ್ಪನವೋ ನನ್ನವೋ ಎಂದು ಈಗೀಗ ನನಗೂ ಖಾತ್ರಿಯಿಲ್ಲ.